ಫ್ರಿಜ್‌ಗೂ ಯುಪಿಎಸ್ ಬೇಕಾ? ದುಡ್ಡು ಹಾಕುವ ಮುನ್ನ ಈ ಲೆಕ್ಕ ನೋಡಿ

ಸಕಲೇಶಪುರ: ಪುನರ್ವಸು, ಪುಷ್ಯ ಮಳೆ ಹಿಡಿದರೆ ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಯಾರೂ ಕೇಳುವುದಿಲ್ಲ. ಯಾವಾಗ ಬರುತ್ತೆ ಅಂತಷ್ಟೇ ಕೇಳುತ್ತಾರೆ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಿಂದ ಹಿಡಿದು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಕಡೆವರೆಗೂ ಇದೇ ಮಾತು. ಲೈಟು, ವೈಫೈಗೆ ಅಂತ ಯುಪಿಎಸ್ ಇಟ್ಟುಕೊಂಡ ಅಂಗಡಿ, ಮನೆಗಳು ಈಗ ಬೇಕಾದಷ್ಟಿವೆ. ಮುಂದಿನ ಯೋಚನೆ ಸಹಜವಾಗಿಯೇ ಬರುತ್ತದೆ: ಅದಕ್ಕೇ ಫ್ರಿಜ್ಜನ್ನೂ ಸೇರಿಸಿಬಿಟ್ಟರೆ ಹೇಗೆ? ಹಾಲು ಒಡೆಯಲ್ಲ, ಐಸ್‌ಕ್ರೀಂ ಕರಗಲ್ಲ, ಇನ್ಸುಲಿನ್ ಕೆಡಲ್ಲ.

ಸೇರಿಸಬಹುದು. ಆದರೆ ಲೈಟಿನ ಲೆಕ್ಕವೇ ಬೇರೆ, ಫ್ರಿಜ್ಜಿನ ಲೆಕ್ಕವೇ ಬೇರೆ. ಇದು ಗೊತ್ತಿಲ್ಲದೆ ಹಾಕಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಫ್ರಿಜ್ ಸ್ಟಾರ್ಟ್ ಆಗುವ ಹೊತ್ತಿಗೆ ಯುಪಿಎಸ್ ಕೀಂಯ್ ಅಂತ ಕೂಗಿ ಆಫ್ ಆಗುತ್ತದೆ. ಇಲ್ಲವೇ ಮೊದಲ ವರ್ಷ ಚೆನ್ನಾಗಿ ನಡೆದು, ಎರಡನೇ ಮಳೆಗಾಲಕ್ಕೆ ಬ್ಯಾಟರಿ ಸತ್ತು ಕೂರುತ್ತದೆ. ಬ್ಯಾಟರಿ, ಯುಪಿಎಸ್ ಎರಡೂ ಸೇರಿದರೆ ಸಣ್ಣ ಅಂಗಡಿಯವರಿಗೆ ಒಂದು ತಿಂಗಳ ಲಾಭವೇ ಹೋದಂತೆ.

ನಮ್ಮ ಕಡೆ ಕರೆಂಟ್ ಹೋಗುವ ರೀತಿ

ಬಯಲುಸೀಮೆಯ ಲೋಡ್ ಶೆಡ್ಡಿಂಗ್‌ಗೆ ಹೊತ್ತು ಗೊತ್ತು ಇರುತ್ತದೆ. ಇಲ್ಲಿ ಹಾಗಲ್ಲ. ಸೆಸ್ಕ್‌ನ ಲೈನುಗಳು ಕಾಫಿ ತೋಟ, ಕಾಡು, ಹಳ್ಳ ದಾಟಿ ಬರುತ್ತವೆ. ನೆರಳಿಗೆ ಬೆಳೆಸಿದ ಸಿಲ್ವರ್ ಮರ ಗಾಳಿಗೆ ಮುರಿದು ತಂತಿ ಮೇಲೆ ಬಿತ್ತೆಂದರೆ ಎಲ್ಲಿ ಬಿದ್ದಿದೆ ಅಂತ ಹುಡುಕುವುದಕ್ಕೇ ಲೈನ್‌ಮನ್‌ಗಳಿಗೆ ಅರ್ಧ ದಿನ ಬೇಕು. ಬೈನೆ ಮರ ತಿನ್ನಲು ಬಂದ ಆನೆ ಅದನ್ನು ತಂತಿ ಮೇಲೇ ಕೆಡವಿ ಹೋಗುವುದೂ ಉಂಟು. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ರಸ್ತೆಯೂ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗವೂ ಗುಡ್ಡ ಕುಸಿದು ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ರೈಲು ಹಳಿಯೇ ನಿಲ್ಲದ ಮಳೆಯಲ್ಲಿ ಕರೆಂಟ್ ಕಂಬ ನಿಲ್ಲಬೇಕು ಅಂದರೆ ಹೇಗೆ?

ಹಾಗಾಗಿ ನಮ್ಮಲ್ಲಿ ಕರೆಂಟ್ ಹೋಗುವುದು ಮೂರು ತರ. ಅರ್ಧ ಗಂಟೆ, ಒಂದು ಗಂಟೆ ಹೋಗಿ ಬರುವುದು. ರಾತ್ರಿ ಹೋಗಿ ಮರುದಿನ ಮಧ್ಯಾಹ್ನಕ್ಕೆ ಬರುವುದು. ಎರಡು, ಮೂರು ದಿನ ನಾಪತ್ತೆ ಆಗುವುದು. ಮೊದಲನೆಯದಕ್ಕೆ ಫ್ರಿಜ್‌ಗೆ ಯುಪಿಎಸ್ ಬೇಕೇ ಇಲ್ಲ. ಬಾಗಿಲು ತೆಗೆಯದೆ ಇಟ್ಟರೆ ಯಾವ ಫ್ರಿಜ್ ಆದರೂ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಮೂರನೆಯದಕ್ಕೆ ಒಂದು ಬ್ಯಾಟರಿಯ ಯುಪಿಎಸ್ ಸಾಕಾಗುವುದಿಲ್ಲ. ಯುಪಿಎಸ್ ನಿಜವಾಗಿ ಕೆಲಸಕ್ಕೆ ಬರುವುದು ನಡುವಿನದಕ್ಕೆ. ಎಂಟು, ಹತ್ತು, ಹದಿನೈದು ಗಂಟೆಯ ಕತ್ತಲೆಗೆ. ಅಂಗಡಿಗೆ ಹೋಗುವ ಮುನ್ನ ಕಳೆದ ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲಿ ಎಷ್ಟೆಷ್ಟು ಹೊತ್ತು ಕರೆಂಟ್ ಹೋಗಿತ್ತು ಅಂತ ಒಮ್ಮೆ ನೆನೆಸಿಕೊಳ್ಳುವುದು ಒಳ್ಳೆಯದು.

ಮೊದಲು ನೋಡಬೇಕಾದ್ದು ಯುಪಿಎಸ್ ಅಲ್ಲ, ಫ್ರಿಜ್

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಟಾರ್ ಚೀಟಿಯನ್ನು ಯಾರೂ ಓದುವುದಿಲ್ಲ. ಅದರಲ್ಲಿ ನಕ್ಷತ್ರಗಳ ಜೊತೆ ವರ್ಷಕ್ಕೆ ಎಷ್ಟು ಯುನಿಟ್ ತಿನ್ನುತ್ತದೆ ಅಂತಲೂ ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿದರೆ ದಿನದ ಖರ್ಚು. ಚೀಟಿಯಲ್ಲಿ 150 ಯುನಿಟ್ ಅಂತ ಇದ್ದರೆ ದಿನಕ್ಕೆ 0.41 ಯುನಿಟ್, ಅಂದರೆ 410 ವ್ಯಾಟ್ ಅವರ್. ಇದು ಪ್ರಯೋಗಾಲಯದ ಲೆಕ್ಕ. ಹೊತ್ತಿಗೊಮ್ಮೆ ಹಾಲು, ಮೊಸರು ಅಂತ ಬಾಗಿಲು ತೆಗೆಯುವ ಅಂಗಡಿಯಲ್ಲಿ, ಬಾಗಿಲಿನ ರಬ್ಬರ್ ಸಡಿಲವಾದ ಹಳೇ ಫ್ರಿಜ್ಜಿನಲ್ಲಿ ಇದರ ಎರಡರಷ್ಟು ಹಿಡಿಯುವುದು ಕ್ಷೇಮ. ದಿನಕ್ಕೆ 800 ಅಂದುಕೊಳ್ಳಿ.

ರಬ್ಬರ್ ಸರಿ ಇದೆಯೋ ಇಲ್ಲವೋ ನೋಡಲು ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ತಂಪೂ ಹಾಗೇ ಆಚೆ ಹೋಗುತ್ತಿದೆ ಅಂತ ಅರ್ಥ. ಹೊಸ ಬ್ಯಾಟರಿಗಿಂತ ಹೊಸ ರಬ್ಬರ್ ಬಹಳ ಅಗ್ಗ.

ಇನ್ನು ಫ್ರಿಜ್ಜಿನ ಜಾತಿ. ಒಂದು ಬಾಗಿಲಿನ 180-200 ಲೀಟರ್‌ನ ಸಾದಾ ಫ್ರಿಜ್ ಎಲ್ಲಕ್ಕಿಂತ ಸುಲಭ. ಮೋಟಾರ್ ಓಡುವಾಗ ಸುಮಾರು 80ರಿಂದ 150 ವ್ಯಾಟ್. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಮಂಜು ಕರಗಿಸಲು ಒಳಗೆ ಹೀಟರ್ ಇರುತ್ತದೆ. ಅದು ಆಗಾಗ ಕೆಲವು ನಿಮಿಷ 150-300 ವ್ಯಾಟ್ ಎಳೆಯುತ್ತದೆ. ಕೂಲ್‌ಡ್ರಿಂಕ್ಸ್ ಇಡುವ ಗಾಜಿನ ಬಾಗಿಲಿನ ಕೂಲರ್ ಇದೆಯಲ್ಲ, ಅದು ಬ್ಯಾಟರಿಯ ಶತ್ರು. ಗಾಜಿನಲ್ಲಿ ತಂಪು ನಿಲ್ಲುವುದಿಲ್ಲ, ಒಳಗೆ ಫ್ಯಾನು, ಲೈಟು ಬೇರೆ. ದಿನಕ್ಕೆ 3 ಯುನಿಟ್ ತಿನ್ನುವ ಕೂಲರ್ ಅಪರೂಪವೇನಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಶೋರೂಮಿನಲ್ಲಿ ‘ಇನ್ವರ್ಟರ್ ಫ್ರಿಜ್’ ಅಂತ ಮಾರುತ್ತಾರೆ. ಅದರಲ್ಲಿ ಬ್ಯಾಟರಿ ಇದೆ, ಕರೆಂಟ್ ಹೋದರೂ ಓಡುತ್ತೆ ಅಂತ ನಂಬಿ ಕೊಂಡವರು ಇದ್ದಾರೆ. ಹಾಗೇನಿಲ್ಲ. ಕಂಪ್ರೆಸರ್ ಒಮ್ಮೆಲೇ ಪೂರ್ತಿ ವೇಗದಲ್ಲಿ ಓಡದೆ, ನಿಧಾನವಾಗಿ ಎದ್ದು ಬೇಕಾದಷ್ಟೇ ವೇಗದಲ್ಲಿ ತಿರುಗುತ್ತದೆ ಅನ್ನುವುದಷ್ಟೇ ಆ ಹೆಸರಿನ ಅರ್ಥ. ಆದರೆ ಈ ಒಂದು ಗುಣವೇ ಯುಪಿಎಸ್‌ಗೆ ದೊಡ್ಡ ಉಪಕಾರ.

ಏಳುವಾಗಿನ ಎಳೆತ

ಸಾದಾ ಕಂಪ್ರೆಸರ್ ಕತೆ ನೀರೆತ್ತುವ ಮೋಟಾರಿನಂತೆ. ಓಡುವಾಗ 120 ವ್ಯಾಟ್ ಇರಬಹುದು. ಸ್ಟಾರ್ಟ್ ಆಗುವ ಆ ಅರೆ ಕ್ಷಣದಲ್ಲಿ ಅದರ ಐದರಿಂದ ಏಳು ಪಟ್ಟು ಎಳೆಯುತ್ತದೆ. 120 ವ್ಯಾಟಿನ ಫ್ರಿಜ್ ಕಣ್ಣು ಮಿಟುಕಿಸುವಷ್ಟು ಹೊತ್ತು 600-800 ವ್ಯಾಟ್ ಕೇಳುತ್ತದೆ. ಕೊಡಲು ಆಗದಿದ್ದರೆ ಯುಪಿಎಸ್ ಓವರ್‌ಲೋಡ್ ಅಂತ ಕೈ ಎತ್ತುತ್ತದೆ.

ಯುಪಿಎಸ್ ಮೇಲೆ ಬರೆದಿರುವುದು ವ್ಯಾಟ್ ಅಲ್ಲ, ವಿಎ. 900 ವಿಎ ಅಂದರೆ 900 ವ್ಯಾಟ್ ಅಂತ ತಿಳಿಯಬಾರದು, ಸಿಗುವುದು ಸುಮಾರು 700. ಕೆಲವು ಕಂಪನಿಗಳು ವಿಎ ದೊಡ್ಡ ಅಕ್ಷರದಲ್ಲಿ ಹಾಕಿ ವ್ಯಾಟ್ ಅನ್ನು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬರೆಯುತ್ತವೆ. ಹಿಂದುಗಡೆಯದನ್ನೇ ಓದಬೇಕು.

ಎಷ್ಟೋ ಮನೆಗಳಲ್ಲಿ ಕೇಳಿಬರುವ ದೂರು ಒಂದಿದೆ. ಲೈಟು, ಫ್ಯಾನು ರಾತ್ರಿಯಿಡೀ ಉರಿಯುತ್ತೆ, ಫ್ರಿಜ್ ಹಾಕಿದ ತಕ್ಷಣ ಟ್ರಿಪ್ ಆಗುತ್ತೆ. ಯುಪಿಎಸ್ ಕೆಟ್ಟಿದೆ ಅಂತ ರಿಪೇರಿಗೆ ಹೊತ್ತುಕೊಂಡು ಹೋಗುತ್ತಾರೆ. ಬಹಳ ಸಲ ಕೆಟ್ಟಿರುವುದು ಯುಪಿಎಸ್ ಅಲ್ಲ. 12 ವೋಲ್ಟ್ ಬ್ಯಾಟರಿಯಿಂದ 800 ವ್ಯಾಟ್ ಎಳೆಯಬೇಕೆಂದರೆ, ಒಳಗಿನ ನಷ್ಟವೂ ಸೇರಿ 80 ಆಂಪಿಯರ್ ಆಸುಪಾಸು ಹರಿಯಬೇಕು. ಬ್ಯಾಟರಿ ಹಳೆಯದಾಗಿದ್ದರೆ ಆ ಕ್ಷಣಕ್ಕೆ ಅದರ ವೋಲ್ಟೇಜ್ ಕುಸಿಯುತ್ತದೆ. ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಬೂಷ್ಟು ಹಿಡಿದಿದ್ದರೂ ಅಷ್ಟೇ, ವೈರ್ ಸಣ್ಣದಾಗಿದ್ದರೂ ಅಷ್ಟೇ. ಬ್ಯಾಟರಿ ಖಾಲಿಯಾಗಿದೆ ಅಂತ ಯುಪಿಎಸ್ ತಪ್ಪು ತಿಳಿದು ಆಫ್ ಮಾಡಿಕೊಳ್ಳುತ್ತದೆ. 9 ವ್ಯಾಟಿನ ಬಲ್ಬಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅದಕ್ಕೇ ಅದು ಉರಿಯುತ್ತಲೇ ಇರುತ್ತದೆ. ರಿಪೇರಿ ಅಂಗಡಿಗೆ ಹೋಗುವ ಮುನ್ನ ಯುಪಿಎಸ್ ಆಫ್ ಮಾಡಿ ಟರ್ಮಿನಲ್ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬಿಗಿಯಾಗಿ ಹಾಕಿ ವ್ಯಾಸಲಿನ್ ಸವರಿ ನೋಡಿ. ಮಳೆಗಾಲದ ತೇವಕ್ಕೆ ಈ ಬೂಷ್ಟು ಇಲ್ಲಿ ಬಹಳ ಬೇಗ ಕಟ್ಟುತ್ತದೆ.

ಹೀಗಾಗಿ ಒಂದು ಬಾಗಿಲಿನ ಸಾದಾ ಫ್ರಿಜ್‌ಗೆ 900ರಿಂದ 1100 ವಿಎಗಿಂತ ಕಡಿಮೆ ಬೇಡ. ಅದೇ ಅಳತೆಯ ಇನ್ವರ್ಟರ್ ಕಂಪ್ರೆಸರ್ ಫ್ರಿಜ್ ಆದರೆ 700-900 ವಿಎ ಸಾಕು, ಎಳೆತವೇ ಇಲ್ಲವಲ್ಲ. 300 ಲೀಟರ್ ಗಾಜಿನ ಕೂಲರ್ ಓಡಿಸಲೇಬೇಕು ಅನ್ನುವ ಬೇಕರಿಯವರು ಎರಡು ಬ್ಯಾಟರಿಯ, 24 ವೋಲ್ಟಿನ, 1500-2000 ವಿಎ ಯುಪಿಎಸ್ ನೋಡಬೇಕು. 24 ವೋಲ್ಟ್ ಆದಾಗ ಅದೇ ಎಳೆತಕ್ಕೆ ಹರಿಯುವ ಆಂಪಿಯರ್ ಅರ್ಧವಾಗುತ್ತದೆ, ವೈರೂ ಬ್ಯಾಟರಿಯೂ ಕಡಿಮೆ ಬಿಸಿಯಾಗುತ್ತವೆ.

ಜೊತೆಗೆ ಸೈನ್ ವೇವ್ ಅಂತ ಬರೆದಿರಲೇಬೇಕು. ಸ್ಕ್ವೇರ್ ವೇವ್ ಯುಪಿಎಸ್ ಸಾವಿರ ರೂಪಾಯಿ ಅಗ್ಗಕ್ಕೆ ಸಿಕ್ಕರೂ ಫ್ರಿಜ್‌ಗೆ ಬೇಡ. ಅದರಲ್ಲಿ ಮೋಟಾರ್ ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ, ಎಲೆಕ್ಟ್ರಾನಿಕ್ ಬೋರ್ಡ್ ಇರುವ ಫ್ರಿಜ್ ಆದರೆ ಬೋರ್ಡ್ ಹೋಗುವ ಭಯ ಬೇರೆ. ಇದರ ಬಗ್ಗೆ ಇನ್ನೇನೂ ಚರ್ಚೆ ಬೇಕಿಲ್ಲ.

‘ಎಷ್ಟು ಅವರ್ ಬರುತ್ತೆ?’

ಕೌಂಟರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಒಬ್ಬರು 8 ಗಂಟೆ ಅಂತಾರೆ, ಪಕ್ಕದ ಅಂಗಡಿಯವರು 30 ಗಂಟೆ ಅಂತಾರೆ. ತಮಾಷೆ ಅಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲದೆ ಇರಬಹುದು.

150 ಎಎಚ್, 12 ವೋಲ್ಟ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಅಷ್ಟೂ ಸಿಗುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ತಳ ಕಾಣುವಂತೆ ಖಾಲಿ ಮಾಡಬಾರದು. 12 ವೋಲ್ಟ್ ಅನ್ನು 230 ಮಾಡುವಾಗಲೂ ಒಂದಿಷ್ಟು ಸೋರುತ್ತದೆ. ಆ 150 ಎಎಚ್ ಅನ್ನುವುದು ಕೂಡ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ, ಜೋರಾಗಿ ಎಳೆದರೆ ಇನ್ನೂ ಕಡಿಮೆ. ಎಲ್ಲ ಕಳೆದು ಕೈಗೆ ಬರುವುದು 1000 ವ್ಯಾಟ್ ಅವರ್ ಅಂದುಕೊಳ್ಳಿ, ಒಂದು ಯುನಿಟ್. ದೊಡ್ಡ ಕರಿ ಬ್ಯಾಟರಿ, ಒಬ್ಬರೇ ಎತ್ತಲಾಗದ ತೂಕ, ಒಳಗಿರುವುದು ಒಂದೇ ಯುನಿಟ್ ಕರೆಂಟ್!

120 ವ್ಯಾಟ್ ಫ್ರಿಜ್ ಬಿಡದೆ ಓಡಿದರೆ 1000 ಭಾಗಿಸು 120, ಎಂಟು ಗಂಟೆ. ಇದು ಮೊದಲ ಅಂಗಡಿಯವರ ಲೆಕ್ಕ. ಆದರೆ ಫ್ರಿಜ್ ಬಿಡದೆ ಓಡುವುದಿಲ್ಲ. ತಂಪಾದ ಮೇಲೆ ನಿಲ್ಲುತ್ತದೆ, ಬಿಸಿಯಾದರೆ ಏಳುತ್ತದೆ. ದಿನಕ್ಕೆ 800 ಅಂದರೆ ಗಂಟೆಗೆ ಸರಾಸರಿ 33. ಎರಡನೆಯವರು ಹೇಳುವುದು ಇದರ ಮೇಲೆ.

ಇಬ್ಬರೂ ಬಿಡುವ ಒಂದು ಅಂಶ ಇದೆ. ಫ್ರಿಜ್ ನಿಂತಿರುವಾಗಲೂ ಯುಪಿಎಸ್ ತಾನು ಎಚ್ಚರವಾಗಿರುವುದಕ್ಕೇ ಗಂಟೆಗೆ 15 ವ್ಯಾಟ್ ಆಸುಪಾಸು ತಿನ್ನುತ್ತದೆ. 24 ಗಂಟೆಗೆ 360. ಫ್ರಿಜ್ ತಿನ್ನುವುದರ ಅರ್ಧದಷ್ಟು ಯುಪಿಎಸ್ಸೇ ತಿಂದು ಹಾಕಿತು! ಎರಡೂ ಸೇರಿ ಗಂಟೆಗೆ 48, ಸಾವಿರಕ್ಕೆ ಸುಮಾರು 20 ಗಂಟೆ. ಮೂರು ಎಲ್‌ಇಡಿ ಬಲ್ಬ್ ಸಂಜೆ 5 ಗಂಟೆ ಹೊತ್ತು, ವೈಫೈ ಡಬ್ಬ ಇಡೀ ದಿನ ಸೇರಿಸಿದರೆ 15 ಗಂಟೆಗೆ ಇಳಿಯುತ್ತದೆ. ಹೊಸ ಬ್ಯಾಟರಿ, ಪೂರ್ತಿ ಚಾರ್ಜ್ ಇದ್ದಾಗಿನ ಮಾತು ಇದು. ಮೂರು ವರ್ಷದ ಬ್ಯಾಟರಿಗೆ 10 ಗಂಟೆ ಬಂದರೆ ಪುಣ್ಯ.

ಅದೇ ದಿನಕ್ಕೆ 3 ಯುನಿಟ್ಟಿನ ಗಾಜಿನ ಕೂಲರ್‌ಗೆ ಗಂಟೆಗೆ 125, ದೊಡ್ಡ ಯುಪಿಎಸ್ಸಿನ ಸ್ವಂತ ಖರ್ಚು ಇನ್ನೊಂದು 20. ಒಂದು ಬ್ಯಾಟರಿಯ ಲೆಕ್ಕಕ್ಕೆ 7 ಗಂಟೆ, ಎರಡಕ್ಕೆ 14. ಕೂಲ್‌ಡ್ರಿಂಕ್ಸ್ ಬಾಟಲಿ ತಂಪಿಲ್ಲದಿದ್ದರೂ ಕೆಡುವುದಿಲ್ಲ. ಆಷಾಢದ ಚಳಿಯಲ್ಲಿ ತಂಪು ಸೋಡಾ ಕೇಳುವವರಾದರೂ ಎಷ್ಟು ಜನ? ಕರೆಂಟ್ ಹೋದಾಗ ಹಾಲು, ಮೊಸರು, ಪನೀರ್ ಮಾತ್ರ ಸಣ್ಣ ಫ್ರಿಜ್‌ಗೆ ಹಾಕಿ, ಗಾಜಿನ ಕೂಲರ್ ಆಫ್ ಮಾಡುವುದೇ ಜಾಣತನ.

ತುಂಬಿಸಿಕೊಳ್ಳಲು ಕರೆಂಟ್ ಎಲ್ಲಿ?

ಬೆಂಗಳೂರಿನವರ ಸಲಹೆ ಇಲ್ಲಿ ಕೆಲಸ ಮಾಡದೆ ಇರುವುದು ಇದೇ ಜಾಗದಲ್ಲಿ. ಅಲ್ಲಿ ಎರಡು ಗಂಟೆ ಕರೆಂಟ್ ಹೋಗಿ ಇಪ್ಪತ್ತೆರಡು ಗಂಟೆ ಇರುತ್ತದೆ. ಬ್ಯಾಟರಿ ತುಂಬಲು ಸಮಯ ಬೇಕಾದಷ್ಟು. ನಮ್ಮಲ್ಲಿ ಮಳೆ ಜೋರಾದ ವಾರದಲ್ಲಿ ಲೆಕ್ಕ ಉಲ್ಟಾ.

ಖಾಲಿಯಾದ 150 ಎಎಚ್ ಬ್ಯಾಟರಿ 15 ಆಂಪಿಯರ್ ಚಾರ್ಜರಿನಲ್ಲಿ ಪೂರ್ತಿ ತುಂಬಲು 11-13 ಗಂಟೆ ಬೇಕು. ಮಧ್ಯಾಹ್ನ ಬಂದ ಕರೆಂಟ್ ಐದೇ ಗಂಟೆ ಇದ್ದು ಸಂಜೆ ಮತ್ತೆ ಹೋಯ್ತು ಅಂದರೆ ಅರ್ಧವೂ ತುಂಬಿರುವುದಿಲ್ಲ. ಟಿಸಿಯಿಂದ ದೂರದ ಮನೆಗಳಿಗೆ ಬರುವ ಲೋ ವೋಲ್ಟೇಜ್‌ನಲ್ಲಿ ಚಾರ್ಜಿಂಗ್ ಇನ್ನೂ ನಿಧಾನ. ಎರಡನೇ ರಾತ್ರಿ ಅರ್ಧ ಬ್ಯಾಟರಿಯಲ್ಲಿ ಫ್ರಿಜ್ ಶುರುವಾಗುತ್ತದೆ, ಮೂರನೇ ರಾತ್ರಿ ಕಾಲು ಬ್ಯಾಟರಿಯಲ್ಲಿ. ಹೀಗೆ ಖಾಲಿಯಾಗಿಯೇ ಉಳಿದ ಲೆಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬಿಡುವುದಿಲ್ಲ. ಐದು ವರ್ಷ ಬರಬೇಕಿದ್ದ ಬ್ಯಾಟರಿ ಎರಡು ವರ್ಷಕ್ಕೆ ಸಾಯುವುದು ಹೀಗೆ. ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಅದಕ್ಕೇ ಎರಡು ಮಾತು. ಚಾರ್ಜಿಂಗ್ ಆಂಪಿಯರ್ ಎಷ್ಟು, ಅದನ್ನು ಬದಲಾಯಿಸುವ ಸ್ವಿಚ್ ಇದೆಯಾ ಅಂತ ಕೊಳ್ಳುವಾಗ ಕೇಳಿ. 150 ಎಎಚ್ ಟ್ಯೂಬುಲರ್‌ಗೆ 15 ಆಂಪಿಯರ್‌ಗಿಂತ ಕಡಿಮೆ ಇದ್ದರೆ ಮಲೆನಾಡಿಗೆ ಸಾಲದು. ಎರಡನೆಯದು, ಫ್ಲಾಟ್ ಪ್ಲೇಟ್ ಬ್ಯಾಟರಿ ಬಿಟ್ಟು ಎತ್ತರದ ಟ್ಯೂಬುಲರ್ ಬ್ಯಾಟರಿಯನ್ನೇ ತೆಗೆದುಕೊಳ್ಳಿ, ಆಗಾಗ ಆಳಕ್ಕೆ ಖಾಲಿಯಾಗುವುದನ್ನು ಅದು ಹೆಚ್ಚು ತಡೆಯುತ್ತದೆ. ಲಿಥಿಯಂ ಬ್ಯಾಟರಿಯೂ ಈಗ ಸಿಗುತ್ತದೆ. ಬೇಗ ತುಂಬುತ್ತದೆ, ಅರ್ಧಂಬರ್ಧ ಚಾರ್ಜ್‌ನಲ್ಲಿ ಉಳಿದರೂ ಹಾಳಾಗುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. 100 ಎಎಚ್ ಲಿಥಿಯಂ ಹೆಚ್ಚುಕಡಿಮೆ 150 ಎಎಚ್ ಲೆಡ್ ಬ್ಯಾಟರಿಯಷ್ಟೇ ಕೆಲಸ ಕೊಡುತ್ತದೆ. ಬೆಲೆ ಜಾಸ್ತಿ. ಆದರೆ ಪ್ರತಿ ಮಳೆಗಾಲ ಹೀಗೇ ನರಳುವ ಊರಿನಲ್ಲಿ, ಮೆಡಿಕಲ್ ಶಾಪ್‌ನಂಥವರಿಗೆ, ಆ ಜಾಸ್ತಿ ಬೆಲೆ ದಂಡವಲ್ಲ. ಹಳೇ ಯುಪಿಎಸ್‌ಗೆ ಹಾಗೇ ಸಿಕ್ಕಿಸಬಾರದು, ಲಿಥಿಯಂಗೆ ಹೊಂದುವ ಚಾರ್ಜಿಂಗ್ ಇರುವ ಯುಪಿಎಸ್ಸೇ ಬೇಕು.

ಸೋಲಾರ್ ಹಾಕಿದರೆ? ಮಾರ್ಚ್, ಏಪ್ರಿಲ್‌ನಲ್ಲಿ ಬೇಕಾದಷ್ಟು ಬರುತ್ತದೆ. ಕರೆಂಟ್ ಕೈಕೊಡುವ ಜುಲೈನಲ್ಲೇ ಬಿಸಿಲೂ ಕೈಕೊಡುತ್ತದೆ.

ಬ್ಯಾಟರಿಗಿಂತ ಅಗ್ಗದ ಬ್ಯಾಟರಿ: ಐಸ್

ಫ್ರಿಜ್‌ಗೆ ಬೇಕಿರುವುದು ಕರೆಂಟ್ ಅಲ್ಲ, ತಂಪು. ಕರೆಂಟ್ ಅನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕಿಂತ ತಂಪನ್ನೇ ಕೂಡಿಡುವುದು ಎಷ್ಟೋ ಅಗ್ಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಯಂಥ ಫ್ರಿಜ್‌ಗಳನ್ನು ನೋಡಿರಬಹುದು. ಅವುಗಳ ಗೋಡೆಯೊಳಗೆ ಮಂಜುಗಡ್ಡೆಯ ಪದರವೇ ಇರುತ್ತದೆ. ದಿನಕ್ಕೆ 8 ಗಂಟೆ ಕರೆಂಟ್ ಬಂದರೂ ಸಾಕು, ಉಳಿದ ಹೊತ್ತು ಆ ಐಸೇ ಲಸಿಕೆಯನ್ನು ಕಾಯುತ್ತದೆ.

ಅದೇ ಉಪಾಯ ಮನೆ ಫ್ರಿಜ್‌ಗೂ ಆಗುತ್ತದೆ. ಒಂದು ಕಿಲೋ ಐಸ್ ಕರಗಿ ನೀರಾಗುವಾಗ ಸುತ್ತಲಿನಿಂದ 93 ವ್ಯಾಟ್ ಅವರ್‌ನಷ್ಟು ಶಾಖ ಹೀರಿಕೊಳ್ಳುತ್ತದೆ. ಆರು ಲೀಟರ್ ಬಾಟಲಿಗಳಿದ್ದರೆ 550 ದಾಟಿತು. ಒಂದು ಬಾಗಿಲಿನ ಸಣ್ಣ ಫ್ರಿಜ್, ಬಾಗಿಲು ತೆಗೆಯದಿದ್ದರೆ, ಅರ್ಧ ದಿನಕ್ಕೂ ಮೇಲೆ ಇದರಲ್ಲೇ ತಳ್ಳುತ್ತದೆ. ಖರ್ಚು? ಖಾಲಿ ನೀರಿನ ಬಾಟಲಿಗಳು.

ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗಕ್ಕಿಂತ ತುಸು ಮೇಲೆ ನೀರು ತುಂಬಿ ಫ್ರೀಜರಿನಲ್ಲಿ ಇಡಬೇಕು. ಐಸ್ ಆದಾಗ ನೀರು ಹಿಗ್ಗುತ್ತದೆ, ಕಂಠಮಟ್ಟ ತುಂಬಿದರೆ ಒಡೆಯುತ್ತದೆ. ಗಾಜಿನ ಬಾಟಲಿ ಬೇಡವೇ ಬೇಡ. ಅಷ್ಟೂ ಗಟ್ಟಿಯಾಗಲು ಒಂದು ದಿನಕ್ಕೂ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಗಾಳಿ ಶುರುವಾದ ಮೇಲೆ ಇಟ್ಟರೆ ಪ್ರಯೋಜನವಿಲ್ಲ. ಜೂನ್ ಬಂತೆಂದರೆ ಬಾಟಲಿಗಳು ಫ್ರೀಜರಿನಲ್ಲಿ ಕಾಯಂ ಇರಲಿ. ಒಂದು ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಮೇಲಿರುವುದರಿಂದ ತಂಪು ತಾನಾಗಿ ಕೆಳಗಿಳಿಯುತ್ತದೆ. ಫ್ರಾಸ್ಟ್ ಫ್ರೀಯಲ್ಲಿ ತಂಪು ಹರಡುವುದು ಫ್ಯಾನು. ಕರೆಂಟ್ ಇಲ್ಲದಾಗ ಅದು ನಿಲ್ಲುತ್ತದೆ, ಆಗ ಎರಡು ಬಾಟಲಿ ತೆಗೆದು ಹಾಲಿನ ಮೇಲಿನ ತಟ್ಟೆಯಲ್ಲಿಡಬೇಕು.

ಐಸ್‌ಕ್ರೀಂ ಡೀಪ್ ಫ್ರೀಜರ್ ಇಟ್ಟವರಿಗಂತೂ ಯುಪಿಎಸ್ ಯೋಚನೆಯೇ ಬೇಡ. ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ ಫ್ರೀಜರ್ ತುಂಬಿದ್ದು, ಮುಚ್ಚಳ ತೆಗೆಯದಿದ್ದರೆ ಎರಡು ದಿನದವರೆಗೂ ಹಿಡಿದಿಡುತ್ತದೆ. ಅರ್ಧ ಖಾಲಿ ಇದ್ದರೆ ಒಂದೇ ದಿನ. ಆದ್ದರಿಂದ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ. ಕರೆಂಟ್ ಇಲ್ಲದಾಗ ಮೇಲೊಂದು ದಪ್ಪ ಕಂಬಳಿ ಹೊದಿಸಬಹುದು, ಕರೆಂಟ್ ಬಂದ ತಕ್ಷಣ ತೆಗೆಯಬೇಕು. ಇಂಥ ಫ್ರೀಜರ್ ತನ್ನ ಬಿಸಿಯನ್ನು ಪಕ್ಕದ ಗೋಡೆಗಳಿಂದಲೇ ಆಚೆ ಬಿಡುತ್ತದೆ.

ಹಾಲಿನ ವ್ಯಾಪಾರಕ್ಕೆ ಇನ್ನೊಂದು ದಾರಿ ಇದೆ. ಬೆಳಗ್ಗೆ ಬರುವ ಪ್ಯಾಕೆಟ್ ಹಾಲು ಬಹುಪಾಲು ಬೆಳಗ್ಗೆಯೇ ಖರ್ಚಾಗುತ್ತದೆ, ತೊಂದರೆ ಉಳಿದದ್ದರದು. ಜೋರು ಮಳೆಯ ಮುನ್ಸೂಚನೆ ಇರುವ ವಾರ ಆರ್ಡರ್ ಸ್ವಲ್ಪ ಇಳಿಸಿ, ಸಂಜೆಯ ಗಿರಾಕಿಗಳಿಗೆ ನಂದಿನಿ ಗುಡ್‌ಲೈಫ್ ಇಟ್ಟುಕೊಂಡರೆ ಆಯಿತು. ಅದು ಒಡೆಯುವವರೆಗೆ ಫ್ರಿಜ್ ಕೇಳುವುದಿಲ್ಲ.

ಔಷಧಿ ಇರುವವರು ಗಮನಿಸಿ

ಇನ್ಸುಲಿನ್ ಸ್ಟಾಕ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಬಿಸಿ ಎಷ್ಟು ಕೆಟ್ಟದ್ದೋ ಹೆಪ್ಪುಗಟ್ಟುವುದು ಅಷ್ಟೇ ಕೆಟ್ಟದ್ದು. ಹಾಗಾಗಿ ಐಸ್ ಬಾಟಲಿಗೆ ತಾಗುವಂತೆ ಇನ್ಸುಲಿನ್ ಇಡಬಾರದು, ಬಟ್ಟೆ ಸುತ್ತಿದ ಡಬ್ಬದಲ್ಲಿ ಬೇರೆ ಇಡಬೇಕು. ಒಳಗೊಂದು ಥರ್ಮಾಮೀಟರ್ ನೇತುಹಾಕಿದರೆ ಊಹೆಯ ಮೇಲೆ ಔಷಧಿ ಮಾರುವ ಪ್ರಮೇಯ ಬರುವುದಿಲ್ಲ. ಮೆಡಿಕಲ್ ಶಾಪ್‌ನವರು, ದನದ ಲಸಿಕೆ ಇಡುವವರು ಐಸ್ ಮತ್ತು ಯುಪಿಎಸ್ ಎರಡನ್ನೂ ಇಟ್ಟುಕೊಳ್ಳಬೇಕು. ಈ ಒಂದು ವಿಷಯದಲ್ಲಿ ಜಿಪುಣತನ ಬೇಡ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇಷ್ಟು ಗಾಬರಿ ಬೇಡ. ಬಳಸುತ್ತಿರುವ ಇನ್ಸುಲಿನ್ ಬಾಟಲಿ ಅಥವಾ ಪೆನ್ನು ಬಿಸಿಲು ತಾಗದ ತಣ್ಣನೆ ಜಾಗದಲ್ಲಿ ಹೊರಗೇ ಇದ್ದರೂ ಸಾಮಾನ್ಯವಾಗಿ ನಾಲ್ಕು ವಾರ ನಡೆಯುತ್ತದೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಇದು ಬೇರೆ, ಡಬ್ಬದೊಳಗಿನ ಚೀಟಿ ಓದಿ ಅಥವಾ ವೈದ್ಯರನ್ನು ಕೇಳಿ. ಮಳೆಗಾಲದ ಮಲೆನಾಡಿನಲ್ಲಿ ಒಂದು ಪೆನ್ನಿಗೋಸ್ಕರ ಫ್ರಿಜ್‌ಗೆ ಯುಪಿಎಸ್ ಹಾಕಿಸಬೇಕಾಗಿಲ್ಲ.

ವೈರಿಂಗ್ ಮಾಡಿಸುವಾಗ

ಫ್ರಿಜ್‌ಗೆ ಬೇರೆ ಪಾಯಿಂಟ್, ಅದಕ್ಕೊಂದು ಸ್ವಿಚ್ ಇರಲಿ. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ. ಮೊದಲ ಮೂರ್ನಾಲ್ಕು ಗಂಟೆ ಫ್ರಿಜ್ ತನ್ನ ತಂಪಿನಲ್ಲೇ ಇರುತ್ತದೆ. ಆಮೇಲೂ ಕರೆಂಟ್ ಬರದಿದ್ದರೆ ಯುಪಿಎಸ್‌ನಲ್ಲಿ ಒಂದು ಗಂಟೆ ಓಡಿಸಿ, ಮತ್ತೆ ಆಫ್. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಎದ್ದು ಒಮ್ಮೆ. ಹೀಗೆ ಮಾಡಿದರೆ ಅದೇ ಬ್ಯಾಟರಿ ಎರಡು ರಾತ್ರಿ ಎಳೆಯುತ್ತದೆ. ಆಫ್ ಮಾಡಿದ ಫ್ರಿಜ್ ಮತ್ತೆ ಹಾಕಲು ಐದು ನಿಮಿಷ ಬಿಡಬೇಕು, ಒಳಗಿನ ಗ್ಯಾಸಿನ ಒತ್ತಡ ಇಳಿಯದೆ ಕಂಪ್ರೆಸರ್ ಏಳುವುದಿಲ್ಲ.

ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ ಮನೆಗೆ ಬರುವ ವೋಲ್ಟೇಜ್ 230 ದಾಟಿ ಬಹಳ ಮೇಲೆ ಹೋಗಬಹುದು. ಒಂದೇ ಬೀದಿಯಲ್ಲಿ ಒಂದೇ ರಾತ್ರಿ ನಾಲ್ಕು ಟಿವಿ ಹೋಗುವುದು ಹೀಗೆ. ಯುಪಿಎಸ್ ಹಿಂದೆ ಸಾಮಾನ್ಯವಾಗಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಟ್ಟರೆ ಸುಮಾರು 180ಕ್ಕಿಂತ ಕೆಳಗೆ, 260ಕ್ಕಿಂತ ಮೇಲೆ ಹೋದ ಕರೆಂಟನ್ನು ಅದು ಫ್ರಿಜ್‌ಗೆ ಬಿಡುವುದಿಲ್ಲ. ಇನ್ನೊಂದು ಮೋಡ್‌ನಲ್ಲಿ ನೂರು ಚಿಲ್ಲರೆ ವೋಲ್ಟೂ ಫ್ರಿಜ್‌ಗೆ ಹೋಗುತ್ತದೆ. ಫ್ರಿಜ್ ಸೇರಿಸಿದ ಮೇಲೆ ಈ ಸ್ವಿಚ್ ನೋಡಲೇಬೇಕು. ಸಿಡಿಲು, ಗುಡುಗು ಇದ್ದಾಗ ಮಾತ್ರ ಪ್ಲಗ್ ಕೀಳುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಮುಚ್ಚಿದ ಕಪಾಟು, ಮಲಗುವ ಕೋಣೆ, ದೇವರ ದೀಪದ ಪಕ್ಕ ಇಡುವಂತಿಲ್ಲ. ತೇವದ ನೆಲಕ್ಕೆ ತಾಗದಂತೆ ಟ್ರಾಲಿ ಮೇಲಿರಲಿ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮಳೆನೀರು, ಬಾವಿನೀರು ಹಾಕುವವರು ಈಗಲೂ ಇದ್ದಾರೆ.

ಮತ್ತೊಂದು ವಿಷಯ ಜೀವದ್ದು. ಹೋಂಸ್ಟೇ, ಬೇಕರಿಗಳಲ್ಲಿ ಜನರೇಟರಿನ ವೈರನ್ನು ನೇರವಾಗಿ ಯಾವುದೋ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಪದ್ಧತಿ ಇದೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟ್ ಉಲ್ಟಾ ಲೈನಿಗೆ ಹೋಗುತ್ತದೆ, ಟಿಸಿ ಅದನ್ನು 11 ಸಾವಿರ ವೋಲ್ಟಿಗೆ ಏರಿಸುತ್ತದೆ. ಲೈನ್ ಆಫ್ ಇದೆ ಅಂತ ನಂಬಿ ಮಳೆಯಲ್ಲಿ ಕಂಬದ ಮೇಲಿರುವ ಲೈನ್‌ಮನ್ ಗತಿ ಏನು? ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಬೇಡಿ. ಯುಪಿಎಸ್‌ಗೆ ಅದರೊಳಗೇ ಈ ವ್ಯವಸ್ಥೆ ಇರುತ್ತದೆ, ಆದರೆ ವೈರಿಂಗನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗ್ ನೋಡಿಸಿ. ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಕೊಳ್ಳುವ ದಿನ

ಫ್ರಿಜ್ಜಿನ ಹಿಂದಿನ ಪ್ಲೇಟಿನ ಫೋಟೋ, ಸ್ಟಾರ್ ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹಳೇ ಬ್ಯಾಟರಿ ಇದ್ದರೆ ಗುಜರಿಗೆ ಹಾಕುವ ಬದಲು ಅದೇ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ, ಸೀಸಕ್ಕೆ ಬೆಲೆ ಇದೆ. ವಾರಂಟಿಯಲ್ಲಿ ಇಷ್ಟು ತಿಂಗಳು ಬದಲಾಯಿಸಿ ಕೊಡುವುದು, ಉಳಿದಿಷ್ಟು ತಿಂಗಳು ಬರೀ ರಿಯಾಯಿತಿ ಅಂತ ಎರಡು ಭಾಗ ಇರುತ್ತದೆ. ಮೊದಲ ಭಾಗ ಎಷ್ಟು ಅಂತ ಕೇಳಿ, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಸರ್ವಿಸ್‌ಗೆ ಹಾಸನದಿಂದ ಬರುತ್ತಾರಾ, ಸಕಲೇಶಪುರದಲ್ಲೇ ಯಾರಾದರೂ ಇದ್ದಾರಾ ಅನ್ನುವುದೂ ಮುಖ್ಯ. ಜುಲೈನಲ್ಲಿ ಕೆಟ್ಟ ಯುಪಿಎಸ್ ಸೆಪ್ಟೆಂಬರಿನಲ್ಲಿ ರಿಪೇರಿಯಾಗಿ ಬಂದರೆ ಏನು ಪ್ರಯೋಜನ?

ಫಿಟ್ ಮಾಡಲು ಬಂದ ಹುಡುಗನನ್ನು ದುಡ್ಡು ಕೊಟ್ಟು ತಕ್ಷಣ ಕಳಿಸಬೇಡಿ. ಲೈಟು, ಫ್ಯಾನು ಎಲ್ಲ ಹಾಕಿ, ಮೇನ್ ಆಫ್ ಮಾಡಿ, ಬ್ಯಾಟರಿ ಮೇಲೆ ಫ್ರಿಜ್ ಸ್ಟಾರ್ಟ್ ಮಾಡಿಸಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಮತ್ತೆ ಐದು ನಿಮಿಷ ಬಿಟ್ಟು ಮೂರನೇ ಸಲ. ಮೂರೂ ಸಲ ಯುಪಿಎಸ್ ಕೂಗದೆ ಫ್ರಿಜ್ ಎದ್ದಿತು ಅಂದರೆ ಬಿಲ್ಲಿಗೆ ಸಹಿ ಹಾಕಬಹುದು.